‘ಗಾಳಿಗಂಬ’ದ ಹಿಂದೆ ಅಲೆದ ಕಥೆ

ನಿಮ್ಮೂರಿನ ಪದಗಳನ್ನು ಸೇರಿಸಿ ಒಂದು ಚಿಕ್ಕ ನಿಘಂಟು ಮಾಡೋಣ ಅಂತ ನೀವೇನಾದರೂ ಹೊರಟಿದ್ದರೆ ಇದನ್ನು ಓದಿ. ಚಿತ್ರದುರ್ಗದಲ್ಲಿ ನಾವು ನಾಲ್ಕೈದು ಜನ ಆ ಕೆಲಸವನ್ನು ಈಗಷ್ಟೇ ಮುಗಿಸಿ ಉಸಿರು ಬಿಟ್ಟಿದ್ದೇವೆ. ಪದ ಸಿಗೋದು ಕಷ್ಟ ಅಲ್ಲ. ಸಿಕ್ಕ ಪದವನ್ನು ಒಳಗೆ ಬಿಡಬೇಕಾ, ಹೊರಗೇ ನಿಲ್ಲಿಸಬೇಕಾ ಅಂತ ತೀರ್ಮಾನ ಮಾಡೋದಿದೆಯಲ್ಲ, ಅಲ್ಲಿ ಹೈರಾಣಾಗಿ ಹೋದೆವು. ಅದರಲ್ಲೂ ‘ಗಾಳಿಗಂಬ’ ಅನ್ನುವ ಒಂದೇ ಪದ ನಮ್ಮನ್ನು ತಿಂಗಳುಗಟ್ಟಲೆ ಕುಣಿಸಿತು.

ನಾನು ಡಿಟಿಪಿ ಕೆಲಸ ಮಾಡುವವಳು. ಲಗ್ನಪತ್ರಿಕೆ, ಶ್ರದ್ಧಾಂಜಲಿ ಬ್ಯಾನರು, ಸೊಸೈಟಿಗಳ ವಾರ್ಷಿಕ ವರದಿ, ಕಾಲೇಜು ಮ್ಯಾಗಜೀನು ಎಲ್ಲ ನನ್ನ ಕೈದಾಟಿಯೇ ಪ್ರೆಸ್ಸಿಗೆ ಹೋಗುತ್ತವೆ. ನಿವೃತ್ತ ಕನ್ನಡ ಮೇಷ್ಟ್ರೊಬ್ಬರು, ಅವರ ಇಬ್ಬರು ಗೆಳೆಯರು, ಒಬ್ಬ ಉಪನ್ಯಾಸಕಿ ಸೇರಿ ಹೈಸ್ಕೂಲು ಮಕ್ಕಳಿಗಾಗಿ ನಮ್ಮ ಜಿಲ್ಲೆಯ ಪದಗಳ ಪುಸ್ತಕ ತರಬೇಕು ಅಂತ ಹೊರಟರು. ಟೈಪ್ ಮಾಡಿಕೊಡಮ್ಮ ಅಂತ ನನ್ನನ್ನು ಕರೆದರು. ಟೈಪ್ ಮಾಡುತ್ತಾ ನಡುನಡುವೆ ಬಾಯಿ ಹಾಕತೊಡಗಿದೆ. ಕೊನೆಗೆ ನನ್ನನ್ನೂ ಸಮಿತಿಗೆ ಸೇರಿಸಿಕೊಂಡರು. ಸಂಬಳ ಇಲ್ಲ, ಟೀ ಮಾತ್ರ.

‘ಗಾಳಿಗಂಬ’ವನ್ನು ತಂದವರು ಉಪನ್ಯಾಸಕಿ ಮೇಡಂ. ಅವರ ಕಾಲೇಜಿನ ಮ್ಯಾಗಜೀನಿನಲ್ಲಿ ಒಬ್ಬ ಹುಡುಗ ಕವನ ಬರೆದಿದ್ದ. ಜೋಗಿಮಟ್ಟಿ ಕಡೆಯ ಬೆಟ್ಟಸಾಲಿನ ಮೇಲೆ ಮೂರು ರೆಕ್ಕೆ ತಿರುಗಿಸುತ್ತಾ ನಿಂತಿರುವ ಕರೆಂಟ್ ಯಂತ್ರಗಳಿವೆಯಲ್ಲ, ಅವನ್ನು ಅವನು ಗಾಳಿಗಂಬ ಅಂತ ಕರೆದಿದ್ದ. ಕೇಳಿದ ಕೂಡಲೇ ಎಲ್ಲರಿಗೂ ಖುಷಿಯಾಯಿತು. ಗಾಳಿ ಮತ್ತು ಕಂಬ ಸೇರಿ ಗಾಳಿಗಂಬ. ಗರುಡಗಂಬದ ಹಾಗೆ ‘ಕ’ ಹೋಗಿ ‘ಗ’ ಬಂದಿದೆ, ವ್ಯಾಕರಣವೂ ಸರಿ. ಕೋಟೆಯೊಳಗೆ ಉಯ್ಯಾಲೆ ಕಂಬ ಇರುವ ಊರಿಗೆ ಇನ್ನೊಂದು ಕಂಬ ಹೊಂದುತ್ತದೆ ಅಂತ ನಾನೂ ಅಂದೆ.

ಮೇಷ್ಟ್ರು ಮಾತ್ರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಚೆಂದ ಇದೆ ಅಂತ ಸೇರಿಸೋಕೆ ಇದು ಕವನ ಸಂಕಲನ ಅಲ್ಲಮ್ಮ. ಯಾರು ಯಾರು ಅಂತಾರೆ, ಎಲ್ಲೆಲ್ಲಿ ಅಂತಾರೆ ತೋರಿಸು, ಆಮೇಲೆ ನೋಡೋಣ.” ಹುಡುಕುವ ಕೆಲಸ ನನ್ನ ತಲೆಗೆ ಬಂತು.

ಹುಡುಕೋದು ಅಂದರೆ ಏನನ್ನು, ಎಷ್ಟು? ನಮ್ಮಲ್ಲಿ ನಿಯಮವೇ ಇರಲಿಲ್ಲ. ಹಾಗಾಗಿ ಬೇರೆಯವರು ಹೇಗೆ ಮಾಡುತ್ತಾರೆ ಅಂತ ಮೊದಲು ನೋಡಿದೆವು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನವರು ಓದುಗರಿಂದ ಲಕ್ಷಗಟ್ಟಲೆ ಚೀಟಿ ಬರೆಸಿಕೊಂಡರು. ಪದ, ಅದು ಬಂದ ವಾಕ್ಯ, ಪುಸ್ತಕ, ವರ್ಷ, ಇಷ್ಟು ಚೀಟಿಯಲ್ಲಿರಬೇಕು. ಆ ಮೊದಲ ಆವೃತ್ತಿ ಮುಗಿದದ್ದು 1928ರಲ್ಲಿ. ಅಮೆರಿಕದ ಮೆರಿಯಮ್-ವೆಬ್‌ಸ್ಟರ್‌ನವರು ಮೂರು ಪ್ರಶ್ನೆ ಕೇಳುತ್ತಾರೆ: ಪದ ಪದೇ ಪದೇ ಬಳಕೆಯಾಗುತ್ತಿದೆಯಾ, ಬೇರೆ ಬೇರೆ ಕಡೆ ಹರಡಿದೆಯಾ, ಅದಕ್ಕೊಂದು ಗಟ್ಟಿ ಅರ್ಥ ಇದೆಯಾ? ಯಾರು ಬೇಕಾದರೂ ಪದ ಸೇರಿಸಬಹುದಾದ ಆನ್‌ಲೈನ್ ನಿಘಂಟು ಇಂಗ್ಲಿಷ್ ವಿಕ್ಷನರಿಯ ನಿಯಮ ನಮ್ಮಂಥವರಿಗೆ ಹಿಡಿದುಕೊಳ್ಳಲು ಸುಲಭ. ಒಬ್ಬರಿಗೊಬ್ಬರು ಸಂಬಂಧ ಇಲ್ಲದ ಮೂರು ಕಡೆ ಪದ ಬಳಕೆಯಾಗಿರಬೇಕು, ಮೊದಲನೆಯದಕ್ಕೂ ಕೊನೆಯದಕ್ಕೂ ಕನಿಷ್ಠ ಒಂದು ವರ್ಷದ ಅಂತರ ಇರಬೇಕು. ಬರವಣಿಗೆ ಕಡಿಮೆ ಇರುವ ಭಾಷೆಗಳಿಗೆ ಒಂದೇ ಆಧಾರವೂ ಸಾಕು ಅಂತ ರಿಯಾಯಿತಿ ಇದೆ. “ಕನ್ನಡಕ್ಕೆ ಸಾವಿರ ವರ್ಷಕ್ಕೂ ಮಿಕ್ಕಿದ ಬರವಣಿಗೆ ಇದೆ, ನಮಗ್ಯಾಕೆ ರಿಯಾಯಿತಿ?” ಅಂದರು ಮೇಷ್ಟ್ರು. ಮೂರು ಆಧಾರ, ಒಂದು ವರ್ಷ ಅಂತ ನಿಗದಿಯಾಯಿತು.

ಇಷ್ಟೊಂದು ಬಿಗಿ ಬೇಕಾ ಅಂತ ನಾನು ಗೊಣಗಿದಾಗ ಅವರು ‘ಡಾರ್ಡ್’ ಕಥೆ ಹೇಳಿದರು. 1934ರ ವೆಬ್‌ಸ್ಟರ್ ನಿಘಂಟಿನಲ್ಲಿ ಡಾರ್ಡ್ ಅಂದರೆ ಸಾಂದ್ರತೆ ಅಂತ ಅಚ್ಚಾಗಿತ್ತು. ಅಂಥ ಪದವೇ ಇರಲಿಲ್ಲ! ‘ದೊಡ್ಡ ಡಿ ಅಥವಾ ಚಿಕ್ಕ ಡಿ ಅಕ್ಷರ ಸಾಂದ್ರತೆಯ ಸಂಕೇತ’ ಅಂತ ಬರೆದಿದ್ದ ಚೀಟಿ. ನಡುವೆ ಇದ್ದ ‘ಆರ್’ (ಅಥವಾ) ಅನ್ನುವ ಇಂಗ್ಲಿಷ್ ಪದವೂ ಎರಡು ಡಿಗಳೂ ಅಂಟಿಕೊಂಡು ಪದಗಳ ಕಟ್ಟಿಗೆ ಸೇರಿಬಿಟ್ಟಿತ್ತು. 1939ರಲ್ಲಿ ಯಾರ ಕಣ್ಣಿಗೋ ಬಿತ್ತು, ಪುಸ್ತಕದಿಂದ ಹೋಗಿದ್ದು 1947ರಲ್ಲಿ. ಅಷ್ಟು ದೊಡ್ಡ ಸಂಸ್ಥೆಯ ಪಾಡೇ ಹೀಗಾದರೆ ಐದು ಜನರ ನಾವೆಷ್ಟರವರು ಅಂತ ಸುಮ್ಮನಾದೆ.

ಹುಡುಕಾಟ ಶುರುವಾಯಿತು. ಹಳೆಯ ನಿಘಂಟುಗಳಲ್ಲಿ ಇರಲು ಸಾಧ್ಯವೇ ಇಲ್ಲ, ಆದರೂ ನೋಡಿದೆ. ಕಿಟೆಲ್ ನಿಘಂಟು 1894ರದ್ದು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳು 1995ಕ್ಕೆ ಮುಗಿದವು. ನಮ್ಮ ಬೆಟ್ಟಗಳ ಮೇಲೆ ಈ ಯಂತ್ರಗಳು ಸಾಲುಗಟ್ಟಿದ್ದು ಆಮೇಲೆ. ಯಾಕೆ ನೋಡಬೇಕು ಅಂದರೆ, ಅದೇ ರೂಪದ ಹಳೆಯ ಪದ ಬೇರೆ ಅರ್ಥದಲ್ಲಿ ಇದ್ದುಬಿಟ್ಟರೆ ಆಮೇಲೆ ಗೊಂದಲ. ಇರಲಿಲ್ಲ.

ಪತ್ರಿಕೆಗಳ ಹಳೆಯ ಕಟ್ಟು ನೋಡಲು ಒಂದು ಗ್ರಂಥಾಲಯಕ್ಕೆ ಹೋದೆ. ಅರ್ಜಿ ಬೇಕು ಅಂದರು. ಅರ್ಜಿ ಕೊಟ್ಟರೆ ಆಧಾರ್ ಜೆರಾಕ್ಸ್ ಎಲ್ಲಿ ಅಂದರು. ಅದನ್ನೂ ಕೊಟ್ಟರೆ ಕಟ್ಟುಗಳ ಕೋಣೆ ಕೀಲಿ ಇರುವವರು ರಜೆ. ಅವರು ಬಂದ ದಿನ ಕರೆಂಟ್ ಇಲ್ಲ. ಸಿಟ್ಟು ಬಂದರೂ ನುಂಗಿಕೊಂಡೆ, ಅವರ ಸಹಾಯವಿಲ್ಲದೆ ಮುಂದೆ ಹೋಗುವ ಹಾಗಿರಲಿಲ್ಲ. ನೀವು ಹೋಗುವುದಾದರೆ ನಿಮ್ಮ ಗುಂಪಿನ ಹೆಸರಿರುವ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ, ಗುರುತಿನ ಚೀಟಿಯ ಜೆರಾಕ್ಸ್, ಸೀಸದ ಕಡ್ಡಿ, ಒಂದು ಒದ್ದೆ ಬಟ್ಟೆ ಮೊದಲೇ ಇಟ್ಟುಕೊಳ್ಳಿ. ಧೂಳು ಅಷ್ಟಿಷ್ಟಲ್ಲ. ಅಲ್ಲಿ ಸಿಕ್ಕಿದ್ದೆಲ್ಲ ‘ಪವನ ಯಂತ್ರ’, ‘ಗಾಳಿ ಯಂತ್ರ’, ‘ಪವನ ವಿದ್ಯುತ್ ಘಟಕ’. ಗಾಳಿಗಂಬ ಒಂದೂ ಇಲ್ಲ.

ಕಂಪ್ಯೂಟರಿನಲ್ಲಿ ಹುಡುಕಿದರೆ ಬೇಗ ಮುಗಿಯುತ್ತೆ ಅಂದುಕೊಳ್ಳುವವರಿಗೆ ಒಂದು ಮಾತು. ನಮ್ಮ ಕಡೆ ಪ್ರೆಸ್ಸುಗಳಲ್ಲಿರುವ ಹಳೆಯ ಫೈಲುಗಳು ಯುನಿಕೋಡ್‌ನಲ್ಲಿ ಇರುವುದಿಲ್ಲ. ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಇರುತ್ತವೆ. ಆ ಫಾಂಟು ತೆಗೆದರೆ ಅಡಿಯಲ್ಲಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು. ಕನ್ನಡದಲ್ಲಿ ಗಾಳಿಗಂಬ ಅಂತ ಟೈಪಿಸಿ ಹುಡುಕಿದರೆ ಜನ್ಮದಲ್ಲಿ ಸಿಗುವುದಿಲ್ಲ. ನಾನು ಮಾಡಿದ್ದು ಇಷ್ಟೇ. ಪದವನ್ನು ಹಳೆಯ ಫಾಂಟಿನಲ್ಲೇ ಟೈಪಿಸಿ, ಆ ಗೋಜಲನ್ನೇ ಕಾಪಿ ಮಾಡಿ, ಅದನ್ನೇ ಹುಡುಕುವ ಜಾಗದಲ್ಲಿ ಹಾಕಿದೆ. ಆಗ ಸಿಕ್ಕಿತು. ಪತ್ರಿಕೆಗಳ ಇ-ಪೇಪರ್ ಬಹಳಷ್ಟು ಚಿತ್ರರೂಪದಲ್ಲಿ ಇರುತ್ತವೆ, ಅಲ್ಲಿ ಕಣ್ಣೇ ಗತಿ. ಇನ್ನೊಂದು, ಕನ್ನಡದಲ್ಲಿ ಒಂದೇ ರೂಪ ಹುಡುಕಿದರೆ ಸಾಲದು. ಗಾಳಿಗಂಬ, ಗಾಳಿಕಂಬ, ನಡುವೆ ಜಾಗ ಬಿಟ್ಟ ಗಾಳಿ ಕಂಬ, ಎಲ್ಲವನ್ನೂ ನೋಡಬೇಕು. ಗಾಳಿಗಂಬಗಳು, ಗಾಳಿಗಂಬದಡಿ ಅಂತ ಪ್ರತ್ಯಯ ಸೇರಿಸಿಕೊಂಡು ಬಂದಿದ್ದರೆ ಅದು ಒಳ್ಳೆಯ ಲಕ್ಷಣ. ಬರೆದವರಿಗೆ ಪದ ರೂಢಿಯಾಗಿದೆ ಅಂತ ಅರ್ಥ. ಉದ್ಧರಣ ಚಿಹ್ನೆಯೊಳಗೆ ಕೂತಿದ್ದರೆ ಬರೆದವರಿಗೇ ಇನ್ನೂ ಅಂಜಿಕೆ ಇದೆ.

ಕೊನೆಗೆ ಕವನ ಬಿಟ್ಟು ಇನ್ನೆರಡು ಸಿಕ್ಕವು. ನಾನೇ ಹಿಂದೊಮ್ಮೆ ಟೈಪ್ ಮಾಡಿದ್ದ ಒಂದು ಶಾಲೆಯ ಸ್ಮರಣ ಸಂಚಿಕೆಯಲ್ಲಿ ಒಬ್ಬಳು ಹುಡುಗಿಯ ಪ್ರವಾಸದ ಬರಹ. ಇನ್ನೊಂದು, ಪರಿಸರ ದಿನಾಚರಣೆಯ ಕರಪತ್ರ. ಮೂರು ಆಯಿತು! ಅಂತರ ಒಂದು ವರ್ಷಕ್ಕಿಂತ ಜಾಸ್ತಿಯೇ ಇತ್ತು. ಜೆರಾಕ್ಸ್ ಮಾಡಿಸಿಕೊಂಡು ಮೇಷ್ಟ್ರ ಮನೆಗೆ ಓಡಿದೆ.

ಅವರು ನಿಧಾನವಾಗಿ ಓದಿದರು. ಕರಪತ್ರವನ್ನು ಪಕ್ಕಕ್ಕಿಟ್ಟರು. ಅದರಲ್ಲಿ ‘ಪವನ ಯಂತ್ರಗಳನ್ನು ಗಾಳಿಗಂಬ ಎಂದೂ ಕರೆಯಬಹುದು’ ಅಂತ ಇತ್ತು. “ಇದು ಪದದ ಬಗ್ಗೆ ಹೇಳಿದ್ದು, ಪದ ಬಳಸಿದ್ದಲ್ಲ. ಕರೆಯಬಹುದು ಅಂದರೆ ಇನ್ನೂ ಯಾರೂ ಕರೀತಿಲ್ಲ ಅಂತಾನೂ ಆಗುತ್ತಲ್ಲಮ್ಮ?” ಈ ವ್ಯತ್ಯಾಸ ಮೊದಲೇ ತಿಳಿದಿದ್ದರೆ ನಮಗೆ ಎಷ್ಟೋ ಸಮಯ ಉಳಿಯುತ್ತಿತ್ತು. ‘ಹೀಗೆನ್ನುತ್ತಾರೆ’, ‘ಹೀಗೆನ್ನಬಹುದು’ ಅಂತ ಪರಿಚಯ ಮಾಡಿಕೊಡುವ ವಾಕ್ಯಗಳನ್ನು ಎಣಿಕೆಗೆ ತೆಗೆದುಕೊಳ್ಳಬೇಡಿ. ಆವರಣದಲ್ಲಿ ಅರ್ಥ ಕೊಟ್ಟು ಬಳಸಿದ್ದರೆ ಅರ್ಧ ಅಂಕ ಅಂತ ಬೇಕಾದರೆ ಇಟ್ಟುಕೊಳ್ಳಿ.

ಹುಡುಗಿಯ ಬರಹದಲ್ಲಿ ಪದ ಸಲೀಸಾಗಿ ಬಂದಿತ್ತು. ಆದರೆ ವಿಚಾರಿಸಿದಾಗ ಆ ಹುಡುಗಿಯೂ ಕವನದ ಹುಡುಗನೂ ಹೊಳಲ್ಕೆರೆ ತಾಲ್ಲೂಕಿನ ಒಂದೇ ಹಳ್ಳಿಯ ಶಾಲೆಯಲ್ಲಿ ಓದಿದವರು, ಇಬ್ಬರಿಗೂ ಪಾಠ ಮಾಡಿದವರು ಒಬ್ಬರೇ ಮೇಷ್ಟ್ರು ಅಂತ ಗೊತ್ತಾಯಿತು. ಸಂಬಂಧ ಇಲ್ಲದ ಮೂರು ಅಂತ ಹೊರಟಿದ್ದ ನಮ್ಮ ಲೆಕ್ಕ ಒಂದಕ್ಕೆ ಇಳಿಯಿತು.

ಆ ಹೊತ್ತಿಗೆ ಇನ್ನೊಂದು ತಲೆನೋವು ಎದ್ದಿತು. ಅದನ್ನು ಎತ್ತಿದ್ದು ನಾನೇ. “ಸಾರ್, ಗಾಳಿಗಂಬ ಬೇಡ ಅಂತಾದರೆ, ಜನ ಅನ್ನೋದು ಏನು? ಫ್ಯಾನು ಅಂತಾರೆ. ಫ್ಯಾನಿನ ಗುಡ್ಡ, ಫ್ಯಾನ್ ರೋಡು ಅಂತಾರೆ. ಅದಾದರೂ ಬರವಣಿಗೆಯಲ್ಲಿ ಎಲ್ಲಿದೆ?” ಹುಡುಕಿದೆವು. ಇಲ್ಲ! ಫ್ಯಾನ್ ಅಂತ ಹುಡುಕಿದರೆ ಸೀಲಿಂಗ್ ಫ್ಯಾನಿನ ಜಾಹೀರಾತು, ಇಲ್ಲಾ ಸಿನಿಮಾ ನಟರ ಅಭಿಮಾನಿ ಸಂಘಗಳ ಸುದ್ದಿ. ಬಾಯಲ್ಲಿ ದಿನಾ ಫ್ಯಾನು ಅನ್ನುವ ಜನವೇ ಕಾಗದಕ್ಕೆ ಇಳಿಯುವಾಗ ಪವನ ಯಂತ್ರ ಅಂತ ಬರೆಯುತ್ತಾರೆ. ನಮ್ಮ ನಿಯಮ ಹಿಡಿದು ಹೋದರೆ ಎಲ್ಲರ ಬಾಯಲ್ಲಿರುವ ಪದ ನಪಾಸು, ಯಾರ ಬಾಯಲ್ಲೂ ಇಲ್ಲದ ‘ಪವನ ಯಂತ್ರ’ ಪಾಸು. ಜಿಲ್ಲೆಯ ಆಡುಮಾತಿನ ಪುಸ್ತಕಕ್ಕೆ ಇದೆಂಥ ನಿಯಮ?

ಆ ಸಂಜೆಯ ಜಗಳ ಇಲ್ಲಿ ಬೇಡ. ಕೊನೆಗೆ ನಿಯಮ ಬದಲಾಯಿತು. ಬರವಣಿಗೆಯ ಆಧಾರ ಇಲ್ಲದಿದ್ದರೆ, ಮೂರು ಬೇರೆ ಬೇರೆ ತಾಲ್ಲೂಕಿನಲ್ಲಿ, ಒಬ್ಬರಿಗೊಬ್ಬರು ಗೊತ್ತಿಲ್ಲದ ಜನರ ಬಾಯಿಂದ ಪದ ಕೇಳಿರಬೇಕು. ದಿನಾಂಕ, ಊರು, ಹೇಳಿದವರ ಅಂದಾಜು ವಯಸ್ಸು, ಕಸುಬು ಚೀಟಿಯಲ್ಲಿ ಬರೆಯಬೇಕು. ಹೆಸರು ಬೇಡ. ಧ್ವನಿ ರೆಕಾರ್ಡ್ ಮಾಡುವುದಾದರೆ ಮೊದಲೇ ಕೇಳಿ ಒಪ್ಪಿಗೆ ಪಡೆಯಬೇಕು. ಮತ್ತೆ, ಫ್ಯಾನಿಗೆ ಒಂದು ಅಳತೆ, ಗಾಳಿಗಂಬಕ್ಕೆ ಒಂದು ಅಳತೆ ಅಂತ ಮಾಡಬಾರದು. ಈ ಕೊನೆಯ ಸಾಲನ್ನು ಬರೆಸಿದವರು ಉಪನ್ಯಾಸಕಿ ಮೇಡಂ. ಹಳ್ಳಿಗಳಿಗೆ ಹೋದರೆ ಗಾಳಿಗಂಬ ಗೆಲ್ಲುತ್ತೆ ಅನ್ನುವ ನಂಬಿಕೆ ಅವರಿಗೆ ಆಗಲೂ ಇತ್ತು.

ತಿರುಗಾಟಕ್ಕೆ ನಾನೂ ಅವರೂ ಹೊರಟೆವು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಶಕ್ತಿ ಯೋಜನೆ ಪುಣ್ಯ. ಆದರೆ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಊರಿಗೆ ಇರುವುದು ಪ್ರೈವೇಟ್ ಬಸ್ಸೇ, ಅಲ್ಲಿ ದುಡ್ಡು ಬಿಚ್ಚಬೇಕು. ಬೆಟ್ಟದ ಬುಡಕ್ಕೆ ಆಟೋದವರು ವಾಪಸ್ ಬಾಡಿಗೆಯನ್ನೂ ಸೇರಿಸಿ ಕೇಳುತ್ತಾರೆ. ಚೀಟಿಗೆ ಕಾರ್ಡ್‌ಶೀಟು, ಜೆರಾಕ್ಸು, ಆಟೋ, ಮಧ್ಯಾಹ್ನದ ಊಟ ಎಲ್ಲ ಸೇರಿ ಈ ಒಂದು ಪದದ ಜೋಡಿಗೇ ಎರಡು ಸಾವಿರ ರೂಪಾಯಿ ಹತ್ತಿರ ಹೋಯಿತು. ಯಾರೂ ಕೊಡಲಿಲ್ಲ, ನಾವೇ ಹಂಚಿಕೊಂಡೆವು.

ಪ್ರಶ್ನೆ ಕೇಳುವ ರೀತಿ ಬಹಳ ಮುಖ್ಯ. ‘ಇದಕ್ಕೆ ಗಾಳಿಗಂಬ ಅಂತೀರಾ?’ ಅಂತ ಕೇಳಿದರೆ ನಮ್ಮ ಜನ ‘ಹೂಂ ಕಣಮ್ಮ, ಅಂತೀವಿ’ ಅಂದುಬಿಡುತ್ತಾರೆ. ಬಂದವರ ಮನಸ್ಸು ನೋಯಿಸಬಾರದು ಅಂತ. ಹಾಗಾಗಿ ಪದ ನಮ್ಮ ಬಾಯಿಂದ ಬರಲೇಬಾರದು. ಬೆಟ್ಟದ ಕಡೆ ಕೈ ತೋರಿಸಿ “ಅದೇನಜ್ಜಾ ಅದು?” ಅಂತ ಕೇಳಬೇಕು. ಯಂತ್ರ ಕಾಣದ ಊರಿನಲ್ಲಿ ಮೊಬೈಲಿನಲ್ಲಿ ಫೋಟೊ ತೋರಿಸಬೇಕು.

ಕುರಿ ಬಿಟ್ಟುಕೊಂಡು ಕೂತಿದ್ದ ಒಬ್ಬ ಅಜ್ಜ ನಮ್ಮನ್ನು ಮೇಲಿಂದ ಕೆಳಗೆ ನೋಡಿ, “ಫ್ಯಾನು ಕಣವ್ವ, ಫ್ಯಾನು ನೋಡಿಲ್ವಾ ನೀವು? ಯಾವ ಊರು?” ಅಂದ. ಹಿರಿಯೂರು ಕಡೆ ಹೂವಿನ ವ್ಯಾಪಾರದ ಹೆಂಗಸು “ಕರೆಂಟ್ ಫ್ಯಾನು” ಅಂದಳು. ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಫ್ಯಾನೇ. ಒಂದು ಕಂಪನಿಯ ಗೇಟಿನ ಹತ್ತಿರ ಹೋದರೆ ವಾಚ್‌ಮನ್ ನಮ್ಮನ್ನು ಜಮೀನಿನ ತಕರಾರಿನವರು ಅಂದುಕೊಂಡು ಹೊರಗೇ ನಿಲ್ಲಿಸಿದ. ಒಳಗಿಂದ ಬಂದ ಟೆಕ್ನಿಷಿಯನ್ ಹುಡುಗ ಟರ್ಬೈನ್ ಅಂದ. ಅದೇ ಹುಡುಗ ಫೋನಿನಲ್ಲಿ ಮನೆಯವರ ಜೊತೆ ಮಾತಾಡುವಾಗ “ಫ್ಯಾನ್ ಹತ್ರ ಇದೀನಿ” ಅಂದಿದ್ದನ್ನು ನಾವು ಕೇಳಿಸಿಕೊಂಡೆವು. ಅದನ್ನು ಚೀಟಿಗೆ ಹಾಕಲಿಲ್ಲ. ಒಪ್ಪಿಗೆ ಇರಲಿಲ್ಲವಲ್ಲ.

ಮೊಳಕಾಲ್ಮುರು ಕಡೆ ಬೇರೆ ತೊಡಕು. ಅಲ್ಲಿ ಮನೆಮಾತು ತೆಲುಗು ಆಗಿರುವವರು ಬಹಳ. ತೆಲುಗಿನಲ್ಲಿ ಗಾಳಿಯಂತ್ರಕ್ಕೆ ‘ಗಾಲಿಮರ’ ಅನ್ನುವ ಪದ ಇದೆ. ಅಲ್ಲಿ ಮರ ಅಂದರೆ ಗಿಡಮರ ಅಲ್ಲ, ಗಿರಣಿ, ಯಂತ್ರ. ನಮ್ಮ ಸಮಿತಿಯ ಒಬ್ಬರು ಇದನ್ನು ಹಿಡಿದುಕೊಂಡು, ಗಾಲಿಮರ ಕೇಳಿಯೇ ಯಾರೋ ಗಾಳಿಗಂಬ ಮಾಡಿದ್ದಾರೆ ಅಂತ ವಾದ ಹೂಡಿದರು. ಇರಬಹುದಾ? ಪದ ಹುಟ್ಟಿದ ಊರಿಗೆ ಹೋದರೆ ತಿಳಿಯುತ್ತೆ ಅಂತ ಕೊನೆಗೆ ಹೊಳಲ್ಕೆರೆ ತಾಲ್ಲೂಕಿನ ಆ ಹಳ್ಳಿಗೇ ಹೋದೆವು.

ಶಾಲೆಯ ಮಕ್ಕಳಿಗೆ ಫೋಟೊ ತೋರಿಸಿದೆವು. ಒಂದು ಹಿಂಡು ‘ಗಾಳಿಗಂಬಾ’ ಅಂತ ಕೂಗಿತು. ಮೇಡಂ ಮುಖ ಅರಳಿತು. ನನಗೂ ರೋಮಾಂಚನ ಆಯಿತು ಅಂತ ಹೇಳಿದರೆ ತಪ್ಪೇನಿಲ್ಲ. ಹೊರಗೆ ಬಂದು ಅದೇ ಮಕ್ಕಳ ಅಪ್ಪ ಅಮ್ಮಂದಿರನ್ನು ಕೇಳಿದೆವು. ಫ್ಯಾನು. ಎರಡು ಬೀದಿ ಆಚೆ ಕೇಳಿದೆವು. ಫ್ಯಾನು. ಪಕ್ಕದ ಊರಿನ ಶಾಲೆ, ಅಲ್ಲೂ ಫ್ಯಾನು.

ಪಾಠ ಮಾಡಿದ್ದ ಮೇಷ್ಟ್ರಿಗೆ ಬೇರೆ ಕಡೆ ವರ್ಗ ಆಗಿತ್ತು. ಫೋನಿನಲ್ಲಿ ಸಿಕ್ಕರು. ಗಾಲಿಮರ ಅವರು ಕೇಳೇ ಇರಲಿಲ್ಲ. ಸಂಧಿ ಪಾಠ ಮಾಡುವಾಗ ಪುಸ್ತಕದ ಉದಾಹರಣೆ ಬಿಟ್ಟು ಕಿಟಕಿಯಾಚೆ ಕಾಣುವ ಒಂದು ಉದಾಹರಣೆ ಕೊಡೋಣ ಅಂತ ಆ ಗಳಿಗೆಯಲ್ಲಿ ಬಾಯಿಗೆ ಬಂದದ್ದಂತೆ. ಮಕ್ಕಳು ಹಿಡಿದುಕೊಂಡರು. “ಅದು ಇನ್ನೂ ಇದೆಯಾ ಅಲ್ಲಿ?” ಅಂತ ಅವರೇ ಕೇಳಿದರು. ಆಮೇಲೆ ಸ್ವಲ್ಪ ತಡೆದು, “ನಿಘಂಟಿಗೆ ಸೇರಿಸ್ತೀರಾ ಮೇಡಂ?” ನನಗೆ ಉತ್ತರ ಹೊರಡಲಿಲ್ಲ. ಸಮಿತಿಯಲ್ಲಿ ತೀರ್ಮಾನ ಆಗುತ್ತೆ ಸಾರ್ ಅಂದೆ.

ತೀರ್ಮಾನದ ದಿನ ಇಬ್ಬರು ಬೇಕು ಅಂದರು, ಇಬ್ಬರು ಬೇಡ ಅಂದರು. ಮೇಡಂ ಮಾತಿನಲ್ಲಿ ಹುರುಳಿತ್ತು. ಮಿಂಚಂಚೆ, ಜಾಲತಾಣ ಎಲ್ಲವೂ ಒಂದು ದಿನ ಹೊಸದೇ ಅಲ್ವಾ? ಹುಟ್ಟಿದ ಪದವನ್ನು ನಾವೇ ಬರೆದಿಡದಿದ್ದರೆ ಬೆಂಗಳೂರಿನವರು ಬಂದು ಬರೆದಿಡುತ್ತಾರಾ? ಮೇಷ್ಟ್ರು ಸೆಲ್ಫಿಯ ಉದಾಹರಣೆ ಕೊಟ್ಟರು. ಆ ಪದದ ಬರವಣಿಗೆಯ ಆಧಾರ 2002ರಲ್ಲಿ ಆಸ್ಟ್ರೇಲಿಯಾದಲ್ಲಿ ಸಿಕ್ಕಿದೆ. ಆಕ್ಸ್‌ಫರ್ಡ್‌ನವರು ಅದನ್ನು ವರ್ಷದ ಪದ ಅಂತ ಕರೆದಿದ್ದು 2013ರಲ್ಲಿ. ಪದ ಮೊದಲು ಊರು ಸುತ್ತಬೇಕು, ನಿಘಂಟಿನವರು ಅದರ ಹಿಂದೆ ನಡೆಯಬೇಕು ಅನ್ನೋದು ಅವರ ವಾದ.

ನನ್ನ ಓಟು ಉಳಿದಿತ್ತು. ಬೇಡ ಅಂದೆ. ಇಷ್ಟೆಲ್ಲ ಅಲೆದವಳು ಹೀಗಂದಳಲ್ಲ ಅಂತ ಮೇಡಂ ಎರಡು ವಾರ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ನನ್ನ ಕಾರಣ ಇಷ್ಟೇ. ಈ ಪುಸ್ತಕ ತೆರೆಯುವ ಚಳ್ಳಕೆರೆಯ ಹುಡುಗನೊಬ್ಬ, ನಮ್ಮ ಜಿಲ್ಲೆಯಲ್ಲಿ ಜನ ಹೀಗನ್ನುತ್ತಾರೆ ಅಂತ ನಂಬಿ ಓದುತ್ತಾನೆ. ಗಾಳಿಗಂಬವನ್ನು ಜನ ಅನ್ನುವುದಿಲ್ಲ, ಒಂದು ಶಾಲೆಯ ಮಕ್ಕಳು ಅನ್ನುತ್ತಾರೆ. ‘ವಿರಳ’ ಅಂತ ಗುರುತು ಹಾಕಿ ಸೇರಿಸಬಹುದಿತ್ತು ಅಂತ ನೀವು ಹೇಳಬಹುದು. ಆ ಗುರುತನ್ನು ನಾವು ಹಳಬರ ಬಾಯಲ್ಲಿ ಮಾತ್ರ ಉಳಿದ ಪದಗಳಿಗೆ ಇಟ್ಟಿದ್ದೆವು. ಮರೆಯಾಗುತ್ತಿರುವ ಪದವೂ ಇನ್ನೂ ಮೊಳೆಯುತ್ತಿರುವ ಪದವೂ ಒಂದೇ ಗುರುತಿನಡಿ ಕೂತರೆ ಓದುವವರಿಗೆ ಏನು ತಿಳಿಯುತ್ತೆ?

ಚೀಟಿಯನ್ನು ಹರಿಯಲಿಲ್ಲ. ಸಿಹಿತಿಂಡಿಯ ಒಂದು ಖಾಲಿ ಡಬ್ಬಿಗೆ ‘ಕಾಯುವವು’ ಅಂತ ಬರೆದು ಅದರಲ್ಲಿ ಹಾಕಿದ್ದೇವೆ. ಎಲ್ಲ ಆಧಾರಗಳೂ ಜೊತೆಗೇ ಇವೆ. ಮರುಮುದ್ರಣ ಬಂದರೆ ಮತ್ತೆ ತೆಗೆಯಬೇಕು ಅಂತ ನಡಾವಳಿ ಪುಸ್ತಕದಲ್ಲಿ ಬರೆಸಿ ಸಹಿ ಹಾಕಿಸಿದವರು ಮೇಡಂ. ನೀವೂ ಇಂಥ ಡಬ್ಬಿ ಒಂದು ಇಟ್ಟುಕೊಳ್ಳಿ. ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ. ಪದ ಕೊಟ್ಟವರಿಗೆ ‘ತಿರಸ್ಕರಿಸಿದೆವು’ ಅಂತ ಹೇಳಬೇಕಾಗುವುದಿಲ್ಲ. ವರ್ಗವಾಗಿ ಹೋದ ಮೇಷ್ಟ್ರಿಗೆ ನಾನೇ ಫೋನ್ ಮಾಡಿ ಹೇಳಿದೆ. “ಪರವಾಗಿಲ್ಲ ಬಿಡಿ, ಇಲ್ಲಿನ ಶಾಲೆಯಿಂದಲೂ ಬೆಟ್ಟ ಕಾಣುತ್ತೆ” ಅಂದು ನಕ್ಕರು. ಬೇಕಂತಲೇ ಹಬ್ಬಿಸಿದ ಪದವನ್ನು ಸಹಜ ಬಳಕೆ ಅನ್ನಬಹುದಾ ಅಂತ ನಮ್ಮಲ್ಲಿ ಆಗಲೇ ಹೊಸ ಚರ್ಚೆ ಶುರುವಾಗಿದೆ.

ಫ್ಯಾನು ಸೇರಿತು. ‘1. ಗಾಳಿ ಬೀಸುವ ಯಂತ್ರ, ಬೀಸಣಿಗೆ. 2. ಬೆಟ್ಟದ ಮೇಲೆ ಗಾಳಿಯಿಂದ ವಿದ್ಯುತ್ ತಯಾರಿಸುವ, ಮೂರು ರೆಕ್ಕೆಯ ಎತ್ತರದ ಯಂತ್ರ.’ ಇಷ್ಟಕ್ಕೇ ಇನ್ನೊಂದು ಪೆಟ್ಟು ಬಿತ್ತು. ಮುದ್ರಣಕ್ಕೆ ದುಡ್ಡು ಕೊಡುತ್ತೇನೆ ಅಂದಿದ್ದ ಊರಿನ ಒಬ್ಬರು ಪ್ರೂಫ್ ನೋಡಿ, ಕನ್ನಡ ನಿಘಂಟಿನಲ್ಲಿ ಇಂಗ್ಲಿಷ್ ಪದ ಸೇರಿಸಿ ಕನ್ನಡದ್ದನ್ನು ಬಿಟ್ಟವರಿಗೆ ಒಂದು ಪೈಸೆಯನ್ನೂ ಕೊಡುವುದಿಲ್ಲ ಅಂದುಬಿಟ್ಟರು. ಬಸ್ಸು, ಕುರ್ಚಿ, ಮೇಜು, ರಸ್ತೆ ಇವೆಲ್ಲ ಎಲ್ಲಿಂದ ಬಂದವು ಸ್ವಾಮಿ ಅಂತ ಮೇಷ್ಟ್ರು ಕೇಳಿದ್ದಕ್ಕೆ ಅವರು ಎದ್ದೇ ಹೋದರು. ಪ್ರತಿಗಳನ್ನು ಅರ್ಧಕ್ಕೆ ಇಳಿಸಿದೆವು, ರಟ್ಟಿನ ಹೊದಿಕೆ ಬಿಟ್ಟು ತೆಳು ಹೊದಿಕೆ ಹಾಕಿಸಿದೆವು. ದುಡ್ಡು ಕೊಡುವವರಿಗೆ ನಿಮ್ಮ ನಿಯಮಗಳ ಹಾಳೆಯನ್ನು ಮೊದಲ ದಿನವೇ ಓದಿಸಿಬಿಡಿ.

ಈಗ ಉಳಿದಿರುವುದು ಒಂದು ಚಿಲ್ಲರೆ ವಿಷಯ. ಫ್ಯಾನಿನ ‘ಫ’ ಕೆಳಗೆ ಎರಡು ಚುಕ್ಕಿ ಹಾಕಬೇಕು, ಇಲ್ಲದಿದ್ದರೆ ಫಲದ ಫ ಮತ್ತು ಫ್ಯಾನಿನ ಫ ಒಂದೇ ಆಗುತ್ತೆ ಅನ್ನುವುದು ಮೇಷ್ಟ್ರ ಹಟ. ಚುಕ್ಕಿ ಹಾಕಿದರೆ ಪ್ರೆಸ್ಸಿನ ಹಳೆಯ ಫಾಂಟಿನಲ್ಲಿ ಅಕ್ಷರ ಒಡೆದು ಬರುತ್ತೆ ಅನ್ನುವುದು ನನ್ನ ಸಂಕಟ. ಸೋಮವಾರ ಅಚ್ಚಿನ ಪ್ಲೇಟು ಹಾಕಬೇಕು. ಸದ್ಯಕ್ಕೆ ಚುಕ್ಕಿ ಇಲ್ಲದ ಫೈಲನ್ನೇ ಕಳಿಸಿದ್ದೇನೆ.